ಅಕಾಲಜಾತ ಶಿಶುವಿನ ಮೆದುಳಿನ ರಕ್ತಪ್ರವಾಹ ಮತ್ತು ಉರಿಯೂತಶಾಮಕ ಔಷಧಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ದೃಷ್ಟಿಯಿಂದ ಒಂದು ಐತಿಹಾಸಿಕ ಸಮೀಕ್ಷೆ

1. ಪೀಠಿಕೆ

ವಿಜಯಪುರ ಜಿಲ್ಲೆಯ ಇತಿಹಾಸವೆಂದೊಡನೆ ಗೋಳಗುಮ್ಮಟವೂ, 1565ರ ತಾಳಿಕೋಟೆಯ ಕಾಳಗವೂ, ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯೂ ಅಭ್ಯಾಸಿಗಳ ನೆನಪಿಗೆ ಬರುವುದು ಸಹಜವಾಗಿದೆ. ಆದರೆ ಈ ಜಿಲ್ಲೆಯ ಮನೆಮನೆಗಳಲ್ಲಿ ಶತಮಾನಗಳಿಂದ ನಡೆದುಬಂದಿರುವ ಇನ್ನೊಂದು ಹೋರಾಟವುಂಟು. ಅದಕ್ಕೆ ಶಾಸನಗಳಿಲ್ಲ, ವೀರಗಲ್ಲುಗಳೂ ಇಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸನ್ನು ಉಳಿಸಿಕೊಳ್ಳುವ ಹೋರಾಟವೇ ಅದು. ರಾಜಕೀಯ ಇತಿಹಾಸಕ್ಕೆ ನಾವು ಕೊಟ್ಟಿರುವ ಗಮನದಲ್ಲಿ ಒಂದಂಶವನ್ನಾದರೂ ಇದಕ್ಕೆ ಕೊಡಬೇಕಾದುದು ನ್ಯಾಯವೆಂದು ನಮಗೆ ತೋರುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಈ ದೊಡ್ಡ ವಿಷಯದ ಒಂದು ಸಣ್ಣ ಭಾಗವನ್ನು ಮಾತ್ರ ಎತ್ತಿಕೊಂಡಿದ್ದೇವೆ. ನೋವು ಮತ್ತು ಉರಿಯೂತಗಳನ್ನು ಶಮನಗೊಳಿಸಲೆಂದು ಹುಟ್ಟಿದ ಕೆಲವು ಔಷಧಗಳು ನವಜಾತ ಶಿಶುವಿನ ಚಿಕಿತ್ಸೆಯನ್ನು ಹೇಗೆ ಪ್ರವೇಶಿಸಿದವು, ಅವು ಶಿಶುವಿನ ಮೆದುಳಿಗೆ ಹರಿಯುವ ರಕ್ತವನ್ನು ಕುಗ್ಗಿಸುತ್ತವೆಂಬುದು ಹೇಗೆ ತಿಳಿದುಬಂದಿತು, ಆ ತಿಳಿವಳಿಕೆಯಿಂದ ಚಿಕಿತ್ಸೆಯ ರೀತಿ ಎಂತು ಬದಲಾಯಿತು ಎಂಬುದು ನಮ್ಮ ಮೊದಲ ಪ್ರಶ್ನೆ. ಈ ಕಥೆಗೂ ಮೇಲೆ ಹೇಳಿದ ನಾಲ್ಕು ತಾಲೂಕುಗಳಿಗೂ ಏನು ಸಂಬಂಧವೆಂಬುದು ಎರಡನೆಯದು. ನಾವು ಇತಿಹಾಸದ ಅಧ್ಯಾಪಕರೇ ಹೊರತು ವೈದ್ಯರಲ್ಲ. ಆದುದರಿಂದ ಇಲ್ಲಿ ಚಿಕಿತ್ಸೆಯ ಸಲಹೆಯನ್ನು ಯಾರೂ ಅರಸಬಾರದು. 2018ರ ತರುವಾಯ ಈ ತಾಲೂಕುಗಳು ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮುಂತಾದ ಹೊಸ ತಾಲೂಕುಗಳು ಆಗಿರುವುದರಿಂದ, ಹಳೆಯ ನಾಲ್ಕು ತಾಲೂಕುಗಳ ವ್ಯಾಪ್ತಿಯನ್ನೇ ನಾವು ಇಲ್ಲಿ ಇಟ್ಟುಕೊಂಡಿದ್ದೇವೆಂಬುದನ್ನು ಓದುಗರು ಗಮನಿಸಬೇಕು.

2. ನಾಡಿನ ಹಿನ್ನೆಲೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರು ಹೊಳೆಗಳ ನಡುವಣ ಎರೆಭೂಮಿ ಈ ಪ್ರದೇಶ. ಮಳೆ ಬಂದರೆ ಜೋಳದ ಕಣಜ, ಬಾರದಿದ್ದರೆ ಬರಗಾಲ. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತೆಂಬುದು ಆ ಕಾಲದ ಜನಗಣತಿಗಳನ್ನು ಹೋಲಿಸಿದಾಗ ಕಂಡುಬರುತ್ತದೆ. ಬರದ ತರುವಾಯ 1880ರ ದಶಕದಲ್ಲಿ ಹೋಟಗಿ–ಗದಗ ರೈಲುಮಾರ್ಗ ಬಂದಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು. ಇಂಡಿ ಮತ್ತು ಬಾಗೇವಾಡಿಗಳಿಗೆ ಊರಿನಿಂದ ದೂರದಲ್ಲಾದರೂ ಒಂದೊಂದು ನಿಲ್ದಾಣ ದೊರೆಯಿತು. ಸಿಂದಗಿ ಮುದ್ದೇಬಿಹಾಳಗಳಿಗೆ ಅದೂ ದೊರೆಯಲಿಲ್ಲ. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ದಾರಿಯ ಪ್ರಶ್ನೆ ಇಲ್ಲಿ ಅಂದಿನಿಂದಲೇ ಹುಟ್ಟಿಕೊಂಡಿದೆ.

ವೈದ್ಯದ ಪರಂಪರೆ ಈ ನೆಲಕ್ಕೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಬಿಜಾಪುರದಲ್ಲಿ ನೆಲಸಿದ್ದ ಇತಿಹಾಸಕಾರ ಫಿರಿಸ್ತಾ ‘ದಸ್ತೂರ್‌–ಉಲ್‌–ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನೂ ಬರೆದು, ಅದರಲ್ಲಿ ಆಯುರ್ವೇದದ ತಿಳಿವಳಿಕೆಯನ್ನು ಪಾರಸಿ ಓದುಗರಿಗೆ ತಲುಪಿಸಿದನು. ಆದರೆ ಹೆರಿಗೆಯ ಕೋಣೆಯಲ್ಲಿ ಗ್ರಂಥಕ್ಕೆ ಎಡೆ ಇರಲಿಲ್ಲ. ಅಲ್ಲಿ ಇದ್ದವಳು ಸೂಲಗಿತ್ತಿ. ಬಾಣಂತಿಯ ಕೋಣೆಯನ್ನು ಗಾಳಿ ಬಾರದಂತೆ ಮುಚ್ಚುವುದು, ಕೆಂಡದ ಕಾವು, ಲೋಬಾನದ ಹೊಗೆ, ತೇಯ್ದ ಬಜೆ ಇವು ಅವಳ ಸಾಧನಗಳು. ಕೂಸಿಗೆ ಕಾವು ಬೇಕೆಂಬ ಅವಳ ತಿಳಿವು ಸರಿಯಾದುದೇ. ಹೊಗೆ ಮಾತ್ರ ಕೂಸಿನ ಶ್ವಾಸಕ್ಕೆ ಹಿತವಲ್ಲ.

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದೀತು, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯದು ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಬಹುದು. ಕುತೂಹಲದ ಸಂಗತಿಯೆಂದರೆ, ಗ್ರೀಕರ ಹಿಪ್ಪೊಕ್ರೆಟಿಸನ ಹೆಸರಿನ ಗ್ರಂಥಸಮುಚ್ಚಯದಲ್ಲಿಯೂ ಏಳು ತಿಂಗಳ ಮತ್ತು ಎಂಟು ತಿಂಗಳ ಶಿಶುಗಳನ್ನು ಕುರಿತು ಇದೇ ನಂಬಿಕೆ ಕಾಣುತ್ತದೆ. ಇದು ವಾಸ್ತವಕ್ಕೆ ವಿರುದ್ಧವಾದುದು. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಶಿಶುವಿನ ಉಳಿವಿನ ಸಂಭವವನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಆದರೂ ಎರಡು ದೂರದ ನಾಡುಗಳಲ್ಲಿ ಒಂದೇ ನಂಬಿಕೆ ಬೇರೂರಿರುವುದು, ಅಕಾಲ ಪ್ರಸೂತಿಯ ದುಃಖವನ್ನು ಅರ್ಥ ಮಾಡಿಕೊಳ್ಳಲು ಮನುಷ್ಯನು ಎಲ್ಲೆಡೆಯೂ ಪಟ್ಟ ಶ್ರಮಕ್ಕೆ ಸಾಕ್ಷಿಯಾಗಿದೆ.

ಆಧುನಿಕ ವೈದ್ಯಶಿಕ್ಷಣ ಜಿಲ್ಲೆಗೆ ಬಂದುದು ತಡವಾಗಿ. ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ. ಎಲ್. ಡಿ. ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುದು 1986ರಲ್ಲಿ. ಅಲ್–ಅಮೀನ್ ಮಹಾವಿದ್ಯಾಲಯ ಅದಕ್ಕೂ ಎರಡು ವರ್ಷ ಮೊದಲು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ಆಸ್ಪತ್ರೆಗಳಲ್ಲಿ ಆಗುತ್ತಿದ್ದ ಹೆರಿಗೆಗಳು ನೂರಕ್ಕೆ ನಲವತ್ತಕ್ಕಿಂತ ಕಡಿಮೆ. 2019–21ರ ಸಮೀಕ್ಷೆಯಲ್ಲಿ ಅವು ನೂರಕ್ಕೆ 97. ಒಂದು ತಲೆಮಾರಿನೊಳಗೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿತು. ಹಿಂದೆ ಹುಟ್ಟಿದ ದಿನವೇ ತೀರಿಕೊಳ್ಳುತ್ತಿದ್ದ ಕೂಸುಗಳು ಈಗ ವೈದ್ಯನ ಕೈಗೆ ಬರತೊಡಗಿದವು. ಅವುಗಳೊಡನೆ ಹಿಂದೆ ಕಾಣದಿದ್ದ ಪ್ರಶ್ನೆಗಳೂ ಬಂದವು.

3. ಮುಚ್ಚದ ನಾಳ

ಈ ಪ್ರಶ್ನೆಗಳಲ್ಲಿ ಮುಖ್ಯವಾದ ಒಂದನ್ನು ಅರಿಯಲು ಗರ್ಭಸ್ಥ ಶಿಶುವಿನ ರಕ್ತಪರಿಚಲನೆಯನ್ನು ಸ್ವಲ್ಪ ತಿಳಿಯಬೇಕು. ಗರ್ಭದಲ್ಲಿ ಶಿಶುವಿನ ಶ್ವಾಸಕೋಶ ಕೆಲಸ ಮಾಡುವುದಿಲ್ಲ. ಆದುದರಿಂದ ಶ್ವಾಸಕೋಶದ ಧಮನಿಗೆ ಬಂದ ರಕ್ತದ ಬಹುಭಾಗವು ಡಕ್ಟಸ್ ಆರ್ಟೀರಿಯೋಸಸ್ ಎಂಬ ಒಂದು ಅಡ್ಡನಾಳದ ಮೂಲಕ ನೇರವಾಗಿ ಮಹಾಧಮನಿಯನ್ನು ಸೇರುತ್ತದೆ. ನೀರು ಬೇಡದ ಹೊಲವನ್ನು ಬಿಟ್ಟು ಕಾಲುವೆಯನ್ನು ಬದಿಯಿಂದ ತಿರುಗಿಸಿದಂತೆ ಇದು. ಈ ನಾಳವನ್ನು ಪ್ರಾಚೀನ ಕಾಲದಲ್ಲಿಯೇ ಗೇಲನ್ ಬಲ್ಲವನಾಗಿದ್ದನು. 1628ರಲ್ಲಿ ವಿಲಿಯಂ ಹಾರ್ವೆ ತನ್ನ ರಕ್ತಪರಿಚಲನೆಯ ಗ್ರಂಥದಲ್ಲಿ ಅದರ ಕಾರ್ಯವನ್ನು ವಿವರಿಸಿದನು.

ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಈ ನಾಳವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಬಹು ಬೇಗನೆ ಹುಟ್ಟಿದ ಕೂಸಿನಲ್ಲಿ ಅದು ತೆರೆದೇ ಉಳಿಯಬಹುದು. ಆಗ ಪ್ರವಾಹದ ದಿಕ್ಕು ತಿರುಗಿ, ಮಹಾಧಮನಿಯ ರಕ್ತವೇ ಶ್ವಾಸಕೋಶದ ಕಡೆಗೆ ಹರಿಯುತ್ತದೆ. ಶ್ವಾಸಕೋಶದಲ್ಲಿ ರಕ್ತ ಹೆಚ್ಚಾಗಿ ಉಸಿರಾಟ ಕಷ್ಟವಾಗುತ್ತದೆ. ಮೆದುಳು, ಕರುಳು, ಮೂತ್ರಪಿಂಡಗಳ ಪಾಲು ಕಡಿಮೆಯಾಗುತ್ತದೆ. ಅಂದರೆ, ತೆರೆದ ನಾಳವೇ ಮೆದುಳಿನ ರಕ್ತವನ್ನು ಕದಿಯಬಲ್ಲದು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎಂಬ ಶಸ್ತ್ರವೈದ್ಯನು ಏಳು ವರ್ಷದ ಬಾಲಕಿಯೊಬ್ಬಳ ತೆರೆದ ನಾಳವನ್ನು ಕಟ್ಟಿ ಯಶಸ್ವಿಯಾದನು. ಆದರೆ ಒಂದು ಕಿಲೋಗ್ರಾಮಿನಷ್ಟು ತೂಕದ ಅಕಾಲಜಾತ ಶಿಶುವಿನ ಎದೆಯನ್ನು ತೆರೆಯುವುದು ಬೇರೆಯೇ ಮಾತು. ಶಸ್ತ್ರವಿಲ್ಲದೆ ನಾಳವನ್ನು ಮುಚ್ಚುವ ಬಗೆಯುಂಟೆ ಎಂಬ ಪ್ರಶ್ನೆ ಉಳಿದೇ ಇತ್ತು.

4. ಔಷಧದ ವಂಶಾವಳಿ

ಉತ್ತರ ಬಂದುದು ನಿರೀಕ್ಷಿಸದ ಕಡೆಯಿಂದ. ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ವಿಲೋ ಮರದ ತೊಗಟೆಯ ಪುಡಿ ಜ್ವರವನ್ನು ಇಳಿಸುವುದೆಂದು ರಾಯಲ್ ಸೊಸೈಟಿಗೆ ತಿಳಿಸಿದನು. 1897ರಲ್ಲಿ ಜರ್ಮನಿಯ ಬೇಯರ್ ಕಾರ್ಖಾನೆಯಲ್ಲಿ ಆಸ್ಪಿರಿನ್ ಸಿದ್ಧವಾಗಿ 1899ರಲ್ಲಿ ಮಾರಾಟಕ್ಕೆ ಬಂದಿತು. ಸಂಧಿವಾತಕ್ಕೆ ಇನ್ನೂ ಬಲವಾದ ಔಷಧವನ್ನು ಅರಸುತ್ತಿದ್ದ ರಸಾಯನಶಾಸ್ತ್ರಜ್ಞರು ಅಮೆರಿಕದಲ್ಲಿ ಇಂಡೋಮೆಥಾಸಿನ್ ಎಂಬುದನ್ನು 1963ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಸಂಗಡಿಗರು ಕಂಡುಹಿಡಿದ ಐಬುಪ್ರೊಫೆನ್ 1969ರಲ್ಲಿ ಬಳಕೆಗೆ ಬಂದಿತು. ಇವೆಲ್ಲ ಮುದುಕರ ಮಂಡಿನೋವಿಗೆಂದು ಹುಟ್ಟಿದ ಔಷಧಗಳು. ನವಜಾತ ಶಿಶುವಿನ ಯೋಚನೆ ಇವುಗಳ ಜನಕರಿಗೆ ಇದ್ದಿರಲಾರದು.

ಇವು ಹೇಗೆ ಕೆಲಸ ಮಾಡುತ್ತವೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ. 1971ರಲ್ಲಿ ಲಂಡನ್ನಿನ ಜಾನ್ ವೇನ್ ಅದನ್ನು ತೋರಿಸಿದನು. ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ತಯಾರಾಗದಂತೆ ಇವು ತಡೆಯುತ್ತವೆ. ಈ ಕ್ಷೇತ್ರದ ಸಂಶೋಧನೆಗಾಗಿ ವೇನ್, ಬರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್ಸನ್ ಮೂವರಿಗೆ 1982ರ ನೊಬೆಲ್ ಪಾರಿತೋಷಕ ದೊರೆಯಿತು. ಇದೇ ಕಾಲದಲ್ಲಿ, 1973ರಲ್ಲಿ, ಕೆನಡಾದ ಕೊಚೆಯಾನಿ ಮತ್ತು ಆಲಿ ಎಂಬವರು ಪ್ರೋಸ್ಟಾಗ್ಲಾಂಡಿನ್ ಡಕ್ಟಸ್ ನಾಳವನ್ನು ಸಡಿಲಗೊಳಿಸುತ್ತದೆಂದು ಪ್ರಾಣಿಗಳಲ್ಲಿ ಕಂಡಿದ್ದರು. ಎರಡೂ ಸಂಗತಿಗಳನ್ನು ಕೂಡಿಸಿದರೆ ತರ್ಕ ಸರಳವಾಗಿತ್ತು. ನಾಳವನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್. ಅದರ ತಯಾರಿಕೆಯನ್ನು ತಡೆದರೆ ನಾಳ ಮುಚ್ಚಬೇಕು. 1976ರಲ್ಲಿ ಸ್ಯಾನ್ ಡಿಯೇಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಎರಡು ತಂಡಗಳು, ಫ್ರೀಡ್‌ಮನ್ ಮತ್ತು ಹೇಮನ್ ಅವರ ನೇತೃತ್ವದಲ್ಲಿ, ಇಂಡೋಮೆಥಾಸಿನ್ ಕೊಟ್ಟು ಅಕಾಲಜಾತ ಶಿಶುಗಳ ನಾಳವನ್ನು ಮುಚ್ಚಿದ ವರದಿಗಳನ್ನು ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದವು. ಶಸ್ತ್ರದ ಕೆಲಸವನ್ನು ಔಷಧ ಮಾಡಿತು. 1983ರಲ್ಲಿ ಅಮೆರಿಕದ ಅನೇಕ ಕೇಂದ್ರಗಳು ಸೇರಿ ನಡೆಸಿದ ದೊಡ್ಡ ಪ್ರಯೋಗವೂ ಇದನ್ನು ದೃಢಪಡಿಸಿತು.

5. ಮೆದುಳಿನ ಪ್ರಶ್ನೆ

ಪ್ರೋಸ್ಟಾಗ್ಲಾಂಡಿನ್ ಇರುವುದು ಆ ಒಂದು ನಾಳದಲ್ಲಿ ಮಾತ್ರವಲ್ಲ. ಮೂತ್ರಪಿಂಡದ, ಕರುಳಿನ, ಮೆದುಳಿನ ರಕ್ತನಾಳಗಳಲ್ಲಿಯೂ ಅದರ ಕಾರ್ಯವುಂಟು. ಹಾಗಾದರೆ ಒಂದು ನಾಳವನ್ನು ಮುಚ್ಚಲು ಕೊಟ್ಟ ಔಷಧ ಮೆದುಳಿನ ನಾಳಗಳನ್ನು ಏನು ಮಾಡೀತು?

ಅಕಾಲಜಾತ ಶಿಶುವಿನ ಮೆದುಳು ಎರಡು ಕಾರಣಗಳಿಂದ ದುರ್ಬಲವಾದುದು. ಮೊದಲನೆಯದಾಗಿ, ಮೆದುಳಿನ ಒಳಗುಹೆಗಳ ಬದಿಯಲ್ಲಿ ಹೊಸ ಜೀವಕೋಶಗಳು ಹುಟ್ಟುವ ಒಂದು ಪದರವಿರುತ್ತದೆ. ಅಲ್ಲಿಯ ನಾಳಗಳು ಬಹು ತೆಳುವಾಗಿದ್ದು ರಕ್ತದ ಏರಿಳಿತಕ್ಕೆ ಒಡೆಯಬಲ್ಲವು. ಎರಡನೆಯದಾಗಿ, ರಕ್ತದ ಒತ್ತಡ ಹೆಚ್ಚು ಕಡಿಮೆಯಾದರೂ ಮೆದುಳಿಗೆ ಹರಿವು ಸಮನಾಗಿರುವಂತೆ ನೋಡಿಕೊಳ್ಳುವ ಸ್ವಯಂನಿಯಂತ್ರಣ ಶಕ್ತಿ ಈ ಶಿಶುಗಳಲ್ಲಿ ಕುಂದಬಹುದು. ಕಷ್ಟದಲ್ಲಿರುವ ನವಜಾತರಲ್ಲಿ ಈ ಶಕ್ತಿ ಕುಂದುವುದನ್ನು ಕೋಪನ್‌ಹೇಗನ್ನಿನ ಲೂ, ಲಾಸೆನ್, ಫ್ರೀಸ್–ಹಾನ್ಸೆನ್ ಅವರು 1979ರಲ್ಲಿ ತೋರಿಸಿದ್ದರು. ಹರಿವು ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಜೀವಕೋಶಗಳ ನಾಶ. ಈ ಎರಡು ದಂಡೆಗಳ ನಡುವೆ ಶಿಶುವಿನ ಮೆದುಳು ಸಾಗಬೇಕಾಗಿದೆ.

ಹರಿವನ್ನು ಅಳೆಯುವ ಸಾಧನಗಳೂ ಇದೇ ಕಾಲದಲ್ಲಿ ಬೆಳೆದವು. ಶಬ್ದತರಂಗದಿಂದ ರಕ್ತದ ವೇಗವನ್ನು ಅಳೆಯುವ ಡಾಪ್ಲರ್ ವಿಧಾನ, ಕ್ಸೆನಾನ್ ಅನಿಲದ ವಿಧಾನ, ಮತ್ತು 1977ರಲ್ಲಿ ಯೋಬ್ಸಿಸ್ ಎಂಬವನು ಪ್ರಕಟಿಸಿದ ಅವಗೆಂಪು ಸಮೀಪದ ಬೆಳಕಿನ ವಿಧಾನ ಇವು ಮುಖ್ಯವಾದವು. ಕೊನೆಯದು ನವಜಾತರಿಗೆ ವಿಶೇಷವಾಗಿ ಹೊಂದುವಂಥದು. ಅವರ ತಲೆಬುರುಡೆ ತೆಳುವಾಗಿರುವುದರಿಂದ ಆ ಬೆಳಕು ಅದನ್ನು ಹಾಯ್ದು, ರಕ್ತದಲ್ಲಿ ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಎಷ್ಟು, ಹೊರದುದು ಎಷ್ಟು ಎಂಬುದನ್ನು ಸೂಚಿಸಬಲ್ಲದು. ಕೂಸನ್ನು ತೊಟ್ಟಿಲಿನಿಂದ ಎತ್ತಬೇಕಾಗಿಲ್ಲ, ಚರ್ಮವನ್ನು ಚುಚ್ಚಬೇಕಾಗಿಲ್ಲ.

1986ರಲ್ಲಿ ಫ್ರಾನ್ಸಿಸ್ ಕೋವನ್ ಎಂಬ ವೈದ್ಯೆ ಡಾಪ್ಲರ್ ವಿಧಾನದಿಂದ, ಇಂಡೋಮೆಥಾಸಿನ್ ಕೊಟ್ಟ ಮೇಲೆ ಮೆದುಳಿನ ನಾಳಗಳಲ್ಲಿ ರಕ್ತದ ವೇಗ ಇಳಿಯುವುದನ್ನು ವರದಿ ಮಾಡಿದಳು. 1988ರಲ್ಲಿ ಡೆನ್ಮಾರ್ಕಿನ ಪ್ರಿಡ್ಸ್ ಮತ್ತು ಸಂಗಡಿಗರು ಕ್ಸೆನಾನ್ ವಿಧಾನದಿಂದ ಅದನ್ನೇ ಕಂಡರು. 1990ರಲ್ಲಿ ಲಂಡನ್ನಿನ ಡೇವಿಡ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಬೆಳಕಿನ ವಿಧಾನದಿಂದ ನಡೆಸಿದ ಅಧ್ಯಯನದಲ್ಲಿ ಮೆದುಳಿನ ರಕ್ತಪ್ರವಾಹವೂ, ಅದಕ್ಕೆ ತಲಪುವ ಆಮ್ಲಜನಕವೂ, ಇಂಗಾಲಾಮ್ಲಕ್ಕೆ ನಾಳಗಳು ತೋರುವ ಪ್ರತಿಕ್ರಿಯೆಯೂ ತೀವ್ರವಾಗಿ ಕುಗ್ಗಿದವು. ಔಷಧವನ್ನು ಬೇಗ ಕೊಟ್ಟರೂ ನಿಧಾನವಾಗಿ ಕೊಟ್ಟರೂ ಇಳಿತ ತಪ್ಪಲಿಲ್ಲವೆಂದು ಅವರು ಬರೆದರು. ಆದರೆ 1989ರಲ್ಲಿ ಕೋಲ್ಡಿಟ್ಸ್ ಮತ್ತು ಸಂಗಡಿಗರು ನಿಧಾನವಾಗಿ ಕೊಟ್ಟರೆ ಇಳಿತ ಕಡಿಮೆಯೆಂದು ಹೇಳಿದ್ದರು. 1995ರಲ್ಲಿ ಜೆರೂಸಲೇಮಿನ ಹ್ಯಾಮರ್‌ಮನ್ ಮತ್ತು ಸಂಗಡಿಗರು ಬಹು ತಾಸುಗಳ ಕಾಲ ಸತತವಾಗಿ ಹರಿಸುವ ರೀತಿಯನ್ನು ಸಮರ್ಥಿಸಿದರು. ಸಾಕ್ಷ್ಯಗಳು ಹೀಗೆ ಪರಸ್ಪರ ಭಿನ್ನವಾದಾಗ ಯಾವುದೊಂದನ್ನೇ ಹಿಡಿದು ತೀರ್ಪು ಕೊಡುವುದು ಇತಿಹಾಸದ ಅಭ್ಯಾಸಿಗೆ ಯೋಗ್ಯವಲ್ಲ. ಅಳೆದ ವಸ್ತು ಬೇರೆ, ಅಳೆದ ಉಪಕರಣ ಬೇರೆ, ಕೊಟ್ಟ ರೀತಿ ಬೇರೆ. ಹರಿವು ಇಳಿಯುತ್ತದೆಂಬುದರಲ್ಲಿ ಮಾತ್ರ ಬಹುಮಟ್ಟಿಗೆ ಒಮ್ಮತ ಮೂಡಿತು.

ಇಲ್ಲಿ ಒಂದು ವಿರೋಧಾಭಾಸ ಎದುರಾಗುತ್ತದೆ. ತೆರೆದ ನಾಳ ಮೆದುಳಿನ ರಕ್ತವನ್ನು ಕದಿಯುತ್ತದೆ. ಅದನ್ನು ಮುಚ್ಚುವ ಔಷಧವೂ ಮೆದುಳಿನ ರಕ್ತವನ್ನು ಕುಗ್ಗಿಸುತ್ತದೆ. ಅದೇ ಕುಗ್ಗುವಿಕೆಯಿಂದ ಪ್ರವಾಹದ ಏರುಬ್ಬರ ತಗ್ಗಿ ರಕ್ತಸ್ರಾವ ಕಡಿಮೆಯಾಗಬಹುದೆಂಬ ವಿಚಾರವೂ ಬಂದಿತು. 1994ರಲ್ಲಿ ಲಾರಾ ಮೆಂಟ್ ಮತ್ತು ಸಂಗಡಿಗರು 431 ಶಿಶುಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಹುಟ್ಟಿದ ಮೊದಲ ದಿನವೇ ಸಣ್ಣ ಪ್ರಮಾಣದ ಇಂಡೋಮೆಥಾಸಿನ್ ಪಡೆದವರಲ್ಲಿ ಮೆದುಳಿನ ರಕ್ತಸ್ರಾವ ನೂರಕ್ಕೆ 12, ಪಡೆಯದವರಲ್ಲಿ 18 ಎಂದು ಕಂಡಿತು.

ಇನ್ನು ಇದು ಎಲ್ಲ ಶಿಶುಗಳಿಗೂ ಕೊಡಬೇಕಾದ ಔಷಧವೆಂದು ಭಾವಿಸಿದವರು ಅನೇಕರು. 2001ರಲ್ಲಿ ಬಾರ್ಬರಾ ಷ್ಮಿಟ್ ನೇತೃತ್ವದ ಅಂತರರಾಷ್ಟ್ರೀಯ ಪ್ರಯೋಗದ ಫಲ ಬಂದಿತು. ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ 1202 ಶಿಶುಗಳನ್ನು ಅವರು ಹದಿನೆಂಟು ತಿಂಗಳ ವಯಸ್ಸಿನವರೆಗೆ ಅನುಸರಿಸಿದ್ದರು. ಔಷಧ ಪಡೆದವರಲ್ಲಿ ತೆರೆದ ನಾಳ ನೂರಕ್ಕೆ 50ರಿಂದ 24ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ 13ರಿಂದ 9ಕ್ಕೆ ಇಳಿದಿತ್ತು. ಆದರೆ ಮರಣ ಅಥವಾ ಅಂಗವೈಕಲ್ಯದ ಪ್ರಮಾಣ ಔಷಧ ಪಡೆದವರಲ್ಲಿ 47, ಪಡೆಯದವರಲ್ಲಿ 46. ನಾಳ ಮುಚ್ಚಿತು, ರಕ್ತಸ್ರಾವ ತಗ್ಗಿತು. ಆದರೂ ಆ ಮಗು ಬದುಕಿ ನಡೆದು ನುಡಿದು ಬೆಳೆಯುವ ಸಂಭವ ಹೆಚ್ಚಲಿಲ್ಲ. ವೈದ್ಯದ ಇತಿಹಾಸದಲ್ಲಿ ಇದು ನಮ್ರತೆಯನ್ನು ಕಲಿಸುವ ಒಂದು ಅಧ್ಯಾಯ.

6. ಐಬುಪ್ರೊಫೆನ್ ಮತ್ತು ಕಾಯುವ ಧರ್ಮ

ಅಷ್ಟರಲ್ಲಿ ಇನ್ನೊಂದು ಶೋಧ ನಡೆದಿತ್ತು. 1983ರಷ್ಟು ಹಿಂದೆಯೇ ಸ್ವೀಡನ್ನಿನ ಎರಿಕ್ಸನ್ ಮತ್ತು ಸಂಗಡಿಗರು ವಯಸ್ಕರಲ್ಲಿ ಪರೀಕ್ಷಿಸಿ, ಇಂಡೋಮೆಥಾಸಿನ್ ಮೆದುಳಿನ ಹರಿವನ್ನು ಕುಗ್ಗಿಸಿದರೂ ಆಸ್ಪಿರಿನ್ ಹಾಗೆ ಮಾಡುವುದಿಲ್ಲವೆಂದು ಕಂಡಿದ್ದರು. ಎರಡೂ ಪ್ರೋಸ್ಟಾಗ್ಲಾಂಡಿನ್ನನ್ನು ತಡೆಯುವವೇ. ಆದುದರಿಂದ ಮೆದುಳಿನ ಮೇಲಣ ಪರಿಣಾಮಕ್ಕೆ ಆ ತಡೆಯೊಂದೇ ಕಾರಣವಾಗಿರಲಾರದು. 1997ರಲ್ಲಿ ಇಟಲಿಯ ಮೋಸ್ಕಾ ಮತ್ತು ಸಂಗಡಿಗರೂ, 2000ದಲ್ಲಿ ಲಂಡನ್ನಿನ ಪಟೇಲ್ ಮತ್ತು ಸಂಗಡಿಗರೂ ಅಕಾಲಜಾತರಲ್ಲಿಯೇ ಹೋಲಿಸಿ ನೋಡಿದರು. ಇಂಡೋಮೆಥಾಸಿನ್ನಿನಂತೆ ಐಬುಪ್ರೊಫೆನ್ ಮೆದುಳಿನ ಹರಿವನ್ನು ಕುಗ್ಗಿಸಲಿಲ್ಲ. ಅದೇ ವರ್ಷ ಬೆಲ್ಜಿಯಮ್ಮಿನ ವಾನ್ ಓವರ್‌ಮೇರ್ 148 ಶಿಶುಗಳ ಪ್ರಯೋಗದಲ್ಲಿ, ನಾಳವನ್ನು ಮುಚ್ಚುವಲ್ಲಿ ಎರಡೂ ಸಮಾನವೆಂದೂ (ನೂರಕ್ಕೆ 66 ಮತ್ತು 70), ಮೂತ್ರ ಕಡಿಮೆಯಾಗುವ ತೊಂದರೆ ಐಬುಪ್ರೊಫೆನ್ನಿನಲ್ಲಿ ಕಡಿಮೆಯೆಂದೂ ತೋರಿಸಿದನು. 2011ರಲ್ಲಿ ಜೆರೂಸಲೇಮಿನಿಂದ ಪ್ಯಾರಾಸಿಟಮಾಲ್ ಕೂಡ ನಾಳವನ್ನು ಮುಚ್ಚಬಲ್ಲುದೆಂಬ ವರದಿ ಬಂದಿತು. ಬಾಯಿಯ ಮೂಲಕ ಕೊಡಬಹುದಾದ ಈ ಎರಡು ಔಷಧಗಳು ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಮ್ ಮೊದಲಾದೆಡೆ ನಡೆದ ಪ್ರಯೋಗವೂ, 2024ರಲ್ಲಿ ಇಂಗ್ಲೆಂಡಿನ 653 ಶಿಶುಗಳ ಪ್ರಯೋಗವೂ ಪ್ರಕಟವಾದವು. ದೊಡ್ಡ ನಾಳವಿದ್ದರೂ ಮೊದಲ ದಿನಗಳಲ್ಲಿಯೇ ಎಲ್ಲರಿಗೂ ಐಬುಪ್ರೊಫೆನ್ ಕೊಡುವುದರಿಂದ ಮರಣವಾಗಲಿ ಶ್ವಾಸಕೋಶದ ದೀರ್ಘವ್ಯಾಧಿಯಾಗಲಿ ಕಡಿಮೆಯಾಗುವುದಿಲ್ಲವೆಂಬುದು ಇವುಗಳ ಸಾರ. ಎಷ್ಟೋ ಕೂಸುಗಳಲ್ಲಿ ನಾಳ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಾವ ಕೂಸಿಗೆ ಔಷಧ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಕವೇ ಇಂದಿನ ಪ್ರಶ್ನೆಯಾಗಿದೆ. ಅರ್ಧ ಶತಮಾನದ ಈ ಪ್ರಯಾಣ ‘ಮುಚ್ಚಬಲ್ಲೆವೆ?’ ಎಂಬಲ್ಲಿಂದ ಹೊರಟು ‘ಮುಚ್ಚಬೇಕೆ?’ ಎಂಬಲ್ಲಿಗೆ ಬಂದು ನಿಂತಿದೆ.

7. ಬೆಳಗಾವಿಯ ಪಾಠ

ಈಗ ನಮ್ಮ ನಾಡಿಗೆ ಮರಳೋಣ. ಹಳೆಯ ಮುಂಬಯಿ ಕರ್ನಾಟಕದ ನೆರೆಯ ಜಿಲ್ಲೆಯಾದ ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು, ಉರಿಯೂತಶಾಮಕಗಳನ್ನು ಹುಟ್ಟುವ ಮೊದಲೇ ತಾಯಿಯ ಮೂಲಕ ಬಳಸುವ ಕುರಿತು ನಡೆದ ಎರಡು ದೊಡ್ಡ ಅಂತರರಾಷ್ಟ್ರೀಯ ಪ್ರಯೋಗಗಳಲ್ಲಿ ಭಾಗವಹಿಸಿದೆ.

ಒಂದು ಆಸ್ಪಿರಿನ್ನಿನದು. ಚೊಚ್ಚಲ ಗರ್ಭಿಣಿಯರಿಗೆ ಮೊದಲ ತಿಂಗಳುಗಳಿಂದಲೇ ದಿನಕ್ಕೆ 81 ಮಿಲಿಗ್ರಾಮ್ ಆಸ್ಪಿರಿನ್ ಕೊಟ್ಟ ಈ ಪ್ರಯೋಗದಲ್ಲಿ ಆರು ದೇಶಗಳ 11,976 ಸ್ತ್ರೀಯರು ಸೇರಿದ್ದರು. 2020ರಲ್ಲಿ ಪ್ರಕಟವಾದ ಫಲದಂತೆ ಅಕಾಲ ಪ್ರಸೂತಿ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಇಳಿತ ಸಣ್ಣದು, ಆದರೆ ಬಹು ಅಗ್ಗದ ಮಾತ್ರೆಯಿಂದ ಬಂದುದು.

ಇನ್ನೊಂದು ಸ್ಟಿರಾಯ್ಡ್ ಜಾತಿಯ ಉರಿಯೂತಶಾಮಕದ್ದು. ಅಕಾಲ ಪ್ರಸೂತಿಯ ಸೂಚನೆ ಕಂಡಾಗ ತಾಯಿಗೆ ಈ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂಬುದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಪ್ರಕಟಿಸಿದ ಅಧ್ಯಯನದಿಂದ ತಿಳಿದಿತ್ತು. ಅದನ್ನು ಹಳ್ಳಿಗಳ ಮಟ್ಟದವರೆಗೆ ಒಯ್ದರೆ ಏನಾಗುವುದೆಂದು ಆರು ದೇಶಗಳಲ್ಲಿ ಪರೀಕ್ಷಿಸಲಾಯಿತು. 2015ರಲ್ಲಿ ಬಂದ ಫಲ ಎಲ್ಲರನ್ನೂ ಬೆರಗುಗೊಳಿಸಿತು. ಚುಚ್ಚುಮದ್ದು ಹರಡಿದ ಪ್ರದೇಶಗಳಲ್ಲಿ ನವಜಾತರ ಮರಣ ಸಾವಿರಕ್ಕೆ 27.4, ಉಳಿದೆಡೆ 23.9. ರೂಢಿಯ ಔಷಧ ಒಟ್ಟು ಜನತೆಯಲ್ಲಿ ಹಾನಿಯನ್ನೇ ತೋರಿತು. ಆದರೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಗರ್ಭದ ವಾರಗಳನ್ನು ನಿಖರವಾಗಿ ಎಣಿಸಿ, ಕೂಸಿನ ಆರೈಕೆಗೆ ಸಿದ್ಧತೆ ಇದ್ದಲ್ಲಿ ಮಾತ್ರ ಕೊಟ್ಟು ನೋಡಿದಾಗ, ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು.

ಔಷಧ ಒಂದೇ ಜಾತಿಯದು, ಫಲ ಎರಡು. ವ್ಯತ್ಯಾಸಕ್ಕೆ ಹಲವು ಕಾರಣಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮುಖ್ಯವಾದುದು, ಗರ್ಭದ ವಯಸ್ಸು ಸರಿಯಾಗಿ ತಿಳಿಯದೆ, ಔಷಧ ಬೇಡದ ಎಷ್ಟೋ ತಾಯಂದಿರಿಗೂ ಅದು ಸಂದಿತೆಂಬುದು.

8. ನಾಲ್ಕು ತಾಲೂಕುಗಳ ಲೆಕ್ಕ

ಈ ಮಾತು ನಮ್ಮನ್ನು ನೇರವಾಗಿ ಇಂಡಿ ಸಿಂದಗಿಗಳ ಮನೆಯಂಗಳಕ್ಕೆ ತರುತ್ತದೆ. ಇಲ್ಲಿಯ ಹಿರಿಯ ಹೆಣ್ಣುಮಕ್ಕಳು ಬಸಿರನ್ನು ಎಣಿಸುತ್ತಿದ್ದುದು ತಾರೀಖಿನಿಂದಲ್ಲ, ಹಬ್ಬಗಳಿಂದ. ಕಾರಹುಣ್ಣಿಮೆಗೆ ಕಡೆಯ ಮುಟ್ಟಾಯಿತೆಂದು ಸೊಸೆ ಹೇಳಿದರೆ, ನಡುವೆ ಅಧಿಕಮಾಸವಿಲ್ಲದ ವರ್ಷದಲ್ಲಿ, ಯುಗಾದಿಯ ಹೊತ್ತಿಗೆ ಹೆರಿಗೆಯೆಂದು ಅತ್ತೆ ಲೆಕ್ಕ ಹಾಕಬಲ್ಲಳು. ಒಂಬತ್ತೂವರೆ ಚಾಂದ್ರಮಾಸವೆಂದರೆ 280 ದಿನ; ವೈದ್ಯರ ಎಣಿಕೆಯೂ ಅದೇ. ಅದೇ ಕೂಸು ಎಳ್ಳಮಾಸಿಗೆ ಹುಟ್ಟಿದರೆ ಅದರ ಗರ್ಭವಯಸ್ಸು ಸುಮಾರು 27 ವಾರ. ಶಿವರಾತ್ರಿಗೆ ಹುಟ್ಟಿದರೆ ಸುಮಾರು 36 ವಾರ. ಈ ಲೆಕ್ಕದ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಹುಣ್ಣಿಮೆಯೊ ಅಮಾವಾಸ್ಯೆಯೊ ಎಂಬ ಒಂದು ಸಂದೇಹ ಬಂದರೆ ಎರಡು ವಾರ ತಪ್ಪುತ್ತದೆ. 27 ವಾರದ ಶಿಶುವಿಗೂ 29 ವಾರದ ಶಿಶುವಿಗೂ ಮೆದುಳಿನ ನಾಳಗಳ ಬಲದಲ್ಲಿ ಬಹಳ ಅಂತರವುಂಟು. ಆಸ್ಪತ್ರೆಯ ವೈದ್ಯನ ನಿರ್ಣಯವೆಲ್ಲ ಆ ಎರಡು ವಾರಗಳ ಮೇಲೆ ನಿಂತಿರಬಹುದು.

ಎರಡನೆಯದು ದಾರಿಯ ಪ್ರಶ್ನೆ. ನಾಳ ತೆರೆದಿದೆಯೆ ಇಲ್ಲವೆ ಎಂಬುದನ್ನು ನಿಶ್ಚಯವಾಗಿ ತಿಳಿಯಲು ಹೃದಯದ ಶಬ್ದತರಂಗ ಪರೀಕ್ಷೆ ಬೇಕು. ಅದನ್ನು ನವಜಾತರಲ್ಲಿ ಮಾಡಬಲ್ಲ ತಜ್ಞರು ಇರುವುದು ದೊಡ್ಡ ಊರುಗಳಲ್ಲಿ. ವಿಜಯಪುರಕ್ಕೆ ಬಾಗೇವಾಡಿಯಿಂದ ನಲವತ್ತು ಕಿಲೋಮೀಟರಿಗೂ ಮೇಲೆ, ಇಂಡಿ ಸಿಂದಗಿಗಳಿಂದ ಐವತ್ತು ಅರವತ್ತು, ಮುದ್ದೇಬಿಹಾಳದಿಂದ ಸುಮಾರು ಎಂಬತ್ತು. ಭೀಮೆಯ ದಂಡೆಯವರು ಸೊಲ್ಲಾಪುರಕ್ಕೂ, ಸಿಂದಗಿಯ ಪೂರ್ವದವರು ಕಲಬುರ್ಗಿಗೂ, ಮುದ್ದೇಬಿಹಾಳದವರು ಬಾಗಲಕೋಟೆಗೂ ಹೋಗುವುದುಂಟು. 2008ರ ನವೆಂಬರದಿಂದ ಕರ್ನಾಟಕದಲ್ಲಿ ಬಂದ 108ರ ವಾಹನಸೇವೆ ಈ ದೂರವನ್ನು ಸ್ವಲ್ಪ ಕಿರಿದುಗೊಳಿಸಿದೆ. ಆದರೂ ಒಂದು ಕಿಲೋಗ್ರಾಮಿನ ಕೂಸಿಗೆ ದಾರಿಯಲ್ಲಿ ತಟ್ಟುವ ಚಳಿಯೇ ಮೊದಲ ಶತ್ರು. ತಾಯಿಯ ಎದೆಯ ಚರ್ಮಕ್ಕೆ ಚರ್ಮ ತಾಗಿಸಿ ಒಯ್ಯುವ ಕಾಂಗರೂ ಆರೈಕೆಗೆ ಯಾವ ಯಂತ್ರವೂ ಬೇಡ. ಸೂಲಗಿತ್ತಿಯ ಕಾವಿನ ತಿಳಿವು ಇಲ್ಲಿ ಹೊಸ ರೂಪದಲ್ಲಿ ಮರಳಿ ಬಂದಂತಿದೆ.

ಮೂರನೆಯದು ನೋವಿನ ಮಾತ್ರೆ. ಈ ತಾಲೂಕುಗಳ ಬಡ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ ಗೋವೆಗಳಿಗೆ ಗುಳೆ ಹೋಗುತ್ತವೆ, ಬಸುರಿಯರೂ ಹೋಗುತ್ತಾರೆ. ಸೊಂಟನೋವಿಗೆ ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗುವುದು ಸಾಮಾನ್ಯ. ಮೇಲೆ ವಿವರಿಸಿದ ತರ್ಕವನ್ನೇ ಹಿಂದುಮುಂದಾಗಿ ನೋಡಿದರೆ ಅಪಾಯ ಗೋಚರಿಸುತ್ತದೆ. ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ಗರ್ಭದಲ್ಲಿರುವಾಗ ತೆರೆದೇ ಇರಬೇಕು. ತಾಯಿ ತೆಗೆದುಕೊಂಡ ಇಂಡೋಮೆಥಾಸಿನ್ ಗರ್ಭಸ್ಥ ಶಿಶುವಿನ ನಾಳವನ್ನು ಸಂಕೋಚಗೊಳಿಸುವುದನ್ನು 1988ರಲ್ಲಿ ಅಮೆರಿಕದ ಮೋಯಿಸ್ ಮತ್ತು ಸಂಗಡಿಗರು ತೋರಿಸಿದರು. ಐಬುಪ್ರೊಫೆನ್ ಮೊದಲಾದ ಈ ಜಾತಿಯ ಔಷಧಗಳನ್ನು ವೈದ್ಯರ ಸೂಚನೆಯಿಲ್ಲದೆ ಇಪ್ಪತ್ತನೆಯ ವಾರದ ತರುವಾಯ ಗರ್ಭಿಣಿಯರು ತೆಗೆದುಕೊಳ್ಳಬಾರದೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ವೈದ್ಯರೇ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಈ ಎಚ್ಚರಿಕೆಗೆ ಹೊರತಾದುದು. ಹೀಗಿರಲು, ಯಾವ ಮಾತ್ರೆ ಯಾರಿಗೆ ಎಂಬ ತಿಳಿವು ಹಳ್ಳಿಯ ಅಂಗಡಿಯವರೆಗೂ ಮುಟ್ಟಬೇಕಾದುದು ಅವಶ್ಯ.

9. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ಒಂದು ಕಾರ್ಯಕ್ಕೆಂದು ಹುಟ್ಟಿದ ಔಷಧ ಇನ್ನೊಂದು ಕಾರ್ಯಕ್ಕೆ ಬಂದಾಗ, ನಾವು ನೋಡದ ಅಂಗದ ಮೇಲೂ ಅದರ ಕೈ ಇರುತ್ತದೆಂಬುದು ಮೊದಲನೆಯದು. ಅಳತೆಯಲ್ಲಿ ಕಂಡ ಯಶಸ್ಸು ಮಗುವಿನ ಬಾಳಿನ ಯಶಸ್ಸೇ ಆಗಬೇಕೆಂಬ ನಿಯಮವಿಲ್ಲ ಎಂಬುದು ಎರಡನೆಯದು. ಒಂದೇ ಔಷಧ ಸ್ಥಳವನ್ನು ಅನುಸರಿಸಿ ಗುಣವೂ ಆಗಬಹುದು, ದೋಷವೂ ಆಗಬಹುದು ಎಂಬುದು ಮೂರನೆಯದು.

ಮೂರನೆಯ ಅಂಶವು ಇತಿಹಾಸದ ಅಭ್ಯಾಸಿಗಳಾದ ನಮಗೂ ಒಂದು ಕೆಲಸವನ್ನು ಹಚ್ಚುತ್ತದೆ. ಸ್ಥಳದ ಜ್ಞಾನ ವೈದ್ಯಗ್ರಂಥದಲ್ಲಿ ದೊರೆಯುವುದಿಲ್ಲ. ಅದು ತಾಲೂಕಿನ ಹೆರಿಗೆ ದಾಖಲೆಗಳಲ್ಲಿ, ಗ್ರಾಮದ ಜನನ ಮರಣದ ಪುಸ್ತಕಗಳಲ್ಲಿ, ಮುದುಕಿಯರ ನೆನಪಿನಲ್ಲಿ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ನಮ್ಮ ಪದ್ಧತಿಯಿಂದಾಗಿ, ಬಾಗೇವಾಡಿಯ ಸೊಸೆಯ ಕೂಸು ಇಂಡಿಯ ಪುಸ್ತಕದಲ್ಲಿ ಸೇರುವುದುಂಟು. ಹೆಸರಿಡುವ ಮೊದಲೇ ತೀರಿಕೊಂಡ ಕೂಸು ಯಾವ ಪುಸ್ತಕದಲ್ಲಿಯೂ ಸೇರದಿರುವುದೂ ಉಂಟು. ಹಳೆಯ ದಾಖಲೆಗಳು ಗೆದ್ದಲಿಗೆ ಆಹಾರವಾಗುವ ಮೊದಲು ಅವುಗಳನ್ನು ಓದಿ, ಹೋಲಿಸಿ, ಪ್ರತಿ ಮಾಡಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳ ಸಹಾಯದಿಂದ ಕೈಕೊಳ್ಳಬಹುದು. ಖಾಸಗಿ ಸಂಗತಿಗಳ ಗೌಪ್ಯವನ್ನು ಕಾಯ್ದುಕೊಂಡು, ಅಧಿಕಾರಿಗಳ ಅನುಮತಿಯಿಂದ ಅದನ್ನು ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶಾಸನವನ್ನು ಓದುವಾಗ ಅಳಿದ ಒಂದು ಅಕ್ಷರಕ್ಕಾಗಿ ನಾವು ದಿನಗಟ್ಟಲೆ ಚರ್ಚಿಸುತ್ತೇವೆ. ದಾಖಲೆಯಲ್ಲಿ ಬರೆಯದೆ ಬಿಟ್ಟ ಒಂದು ಕೂಸಿನ ಹುಟ್ಟಿದ ವಾರವೂ ಅಂತಹ ಒಂದು ಅಕ್ಷರವೇ ಸರಿ. ಅದನ್ನು ತುಂಬಿಕೊಳ್ಳುವ ಶ್ರಮಕ್ಕೆ ನಮ್ಮ ಕಿರಿಯ ಅಭ್ಯಾಸಿಗಳು ಮುಂದಾಗುವರೆಂದು ನಾವು ಆಶಿಸುತ್ತೇವೆ.